ಸಂಶೋಧನಾ ಜಾಲ ಮತ್ತು ಪಿಯರಿಂಗ್: ಗಡಿಯನ್ನು ಎಲ್ಲಿ ಬರೆಯಬೇಕು?

(ಜಾಲ ನಿರ್ವಾಹಕರು ಮತ್ತು ಸಂಶೋಧಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯಗಳಿಗೂ ಪ್ರಯೋಗಾಲಯಗಳಿಗೂ ಎಂದೇ ಕಟ್ಟಿದ ಜಾಲಗಳಿವೆ. ಅವುಗಳ ಖರ್ಚು ಬಹುಮಟ್ಟಿಗೆ ಸಾರ್ವಜನಿಕ ಹಣದಿಂದ ಮತ್ತು ಸದಸ್ಯ ಸಂಸ್ಥೆಗಳ ಚಂದಾದಿಂದ ನಡೆಯುತ್ತದೆ. ಅದರಾಚೆಗೆ ವಾಣಿಜ್ಯ ಅಂತರ್ಜಾಲವಿದೆ. ವಿಡಿಯೊ, ಕ್ಲೌಡ್, ಮನೆಮನೆಯ ಬ್ರಾಡ್‌ಬ್ಯಾಂಡ್, ಮೊಬೈಲ್ ಎಲ್ಲವೂ ಅಲ್ಲಿದೆ. ಈ ಎರಡನ್ನು ಎಲ್ಲಿ, ಹೇಗೆ, ಯಾವ ಷರತ್ತಿನ ಮೇಲೆ ಜೋಡಿಸಬೇಕು ಎಂಬುದೇ ಇಂದಿನ ವಿಷಯ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಧಾರಾಳವಾಗಿ ಜೋಡಿಸಬೇಕು. ಆದರೆ ಯಾವ ಮಾರ್ಗ ಯಾರಿಂದ ಬಂತು ಎಂಬ ಗುರುತು ಎಲ್ಲಿಯೂ ಅಳಿಸಿಹೋಗದಂತೆ ನೋಡಿಕೊಳ್ಳಬೇಕು. ಮೊದಲ ಅರ್ಧವನ್ನು ಇಂದು ಹೆಚ್ಚಿನವರು ಒಪ್ಪುತ್ತಾರೆ. ಎರಡನೆಯ ಅರ್ಧವನ್ನು ಎಲ್ಲರೂ ಒಪ್ಪುತ್ತಾರೆ, ಮಾಡುವವರು ಕಡಿಮೆ. ಆದ್ದರಿಂದ ನನ್ನ ಹೆಚ್ಚಿನ ಸಮಯ ಅದಕ್ಕೇ ಮೀಸಲು.

ಒಂದು ನಿಯಮದಿಂದ ಎರಡಾದ ಅಂತರ್ಜಾಲ

1980ರ ದಶಕದ ಮಧ್ಯದಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ತನ್ನ ಸೂಪರ್‌ಕಂಪ್ಯೂಟರ್ ಕೇಂದ್ರಗಳನ್ನು ಜೋಡಿಸಲು ಎನ್‌ಎಸ್‌ಎಫ್‌ನೆಟ್ ಎಂಬ ಬೆನ್ನೆಲುಬು ಜಾಲವನ್ನು ಕಟ್ಟಿತು. ಆರಂಭದಲ್ಲಿ ಅದರ ವೇಗ ಸೆಕೆಂಡಿಗೆ 56 ಕಿಲೋಬಿಟ್. 1988ರಲ್ಲಿ ಅದು 1.5 ಮೆಗಾಬಿಟ್‌ಗೆ, 1991ರ ಹೊತ್ತಿಗೆ 45 ಮೆಗಾಬಿಟ್‌ಗೆ ಏರಿತು. ನಮಗೆ ಇಂದು ವೇಗಕ್ಕಿಂತ ಮುಖ್ಯವಾದದ್ದು ಅದರ ಬಳಕೆಯ ನಿಯಮ. ಜಾಲ ಇರುವುದು ಮುಕ್ತ ಸಂಶೋಧನೆಗೆ ಮತ್ತು ಶಿಕ್ಷಣಕ್ಕೆ. ಕಂಪನಿಗಳ ಸಂಶೋಧನಾ ವಿಭಾಗಗಳು ಮುಕ್ತ ವಿದ್ವತ್ ಕೆಲಸದಲ್ಲಿ ತೊಡಗಿದಾಗ ಅವೂ ಬಳಸಬಹುದು. ಲಾಭದ ವ್ಯವಹಾರಕ್ಕೆ ಬಳಸುವಂತಿಲ್ಲ. ತೆರಿಗೆದಾರರ ಹಣಕ್ಕೆ ಉತ್ತರ ಕೊಡಬೇಕಾದ ಸಂಸ್ಥೆ ಇಂಥ ನಿಯಮ ಮಾಡಿದ್ದು ಸಹಜವೇ.

ಆದರೆ ಆ ನಿಯಮವನ್ನು ಜಾರಿಗೊಳಿಸುವುದು ಹೇಗೆ? ಜಾಲದಲ್ಲಿ ದತ್ತಾಂಶ ಸಾಗುವುದು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ. ಪ್ಯಾಕೆಟ್‌ನ ತಲೆಭಾಗದಲ್ಲಿ ಹೊರಟ ವಿಳಾಸವಿದೆ, ತಲುಪಬೇಕಾದ ವಿಳಾಸವಿದೆ. ಕಳುಹಿಸಿದವರ ಉದ್ದೇಶವನ್ನು ಬರೆಯಲು ಅಲ್ಲಿ ಜಾಗವಿಲ್ಲ. ಪ್ರಾಧ್ಯಾಪಕರು ಸಹಲೇಖಕರಿಗೆ ಬರೆದ ಇಮೇಲ್ ಮತ್ತು ಅದೇ ಕಂಪ್ಯೂಟರ್‌ನಿಂದ ಯಂತ್ರದ ಬಿಡಿಭಾಗಕ್ಕೆ ಕೊಟ್ಟ ಆರ್ಡರ್, ಎರಡೂ ರೂಟರ್‌ಗೆ ಒಂದೇ. ಹೀಗಾಗಿ ಉದ್ದೇಶದ ಬಗ್ಗೆ ಬರೆದ ನಿಯಮ ಕಾರ್ಯರೂಪಕ್ಕೆ ಬರುವಾಗ ವಿಳಾಸಗಳ ನಿಯಮವಾಗಿ ಮಾರ್ಪಟ್ಟಿತು: ಯಾರ ವಿಳಾಸಗಳನ್ನು ಈ ಜಾಲದಲ್ಲಿ ಸಾರಬೇಕು, ಯಾರದನ್ನು ಸಾರಬಾರದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ವಾಣಿಜ್ಯ ಸಂಚಾರಕ್ಕೆ ಬೇರೆ ದಾರಿ ಬೇಕಾಯಿತು. 1991ರಲ್ಲಿ ಪಿಎಸ್‌ಐನೆಟ್, ಯುಯುನೆಟ್ ಮತ್ತು ಸರ್ಫ್‌ನೆಟ್ ಎಂಬ ಮೂರು ಜಾಲಗಳು ಸೇರಿ ಕಮರ್ಷಿಯಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಸ್ಥಾಪಿಸಿದವು. ಒಬ್ಬರ ಗ್ರಾಹಕರ ಸಂಚಾರವನ್ನು ಇನ್ನೊಬ್ಬರಿಗೆ ತಲುಪಿಸಲು ಅವರು ಪರಸ್ಪರ ಹಣ ಕೇಳಲಿಲ್ಲ. ಇಂದು ನಾವು ಪಿಯರಿಂಗ್ ಎನ್ನುವುದರ ಮೂಲರೂಪ ಅದು. ಆ ಮೂವರ ಹಿನ್ನೆಲೆಯನ್ನು ಗಮನಿಸಿ. ಪಿಎಸ್‌ಐನೆಟ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಸಂಶೋಧನಾ ಜಾಲವಾದ ನೈಸರ್‌ನೆಟ್‌ನ ಒಡಲಿನಿಂದ. ಸರ್ಫ್‌ನೆಟ್ ಕ್ಯಾಲಿಫೋರ್ನಿಯಾದ ಪ್ರಾದೇಶಿಕ ಸಂಶೋಧನಾ ಜಾಲ. ಯುಯುನೆಟ್ ಲಾಭದ ಉದ್ದೇಶವಿಲ್ಲದೆ ಶುರುವಾದ ಸಂಸ್ಥೆ. ಪಿಯರಿಂಗ್ ಎಂಬುದು ಮಾರುಕಟ್ಟೆ ಕಂಡುಹಿಡಿದ ಉಪಾಯ, ವಿದ್ಯಾಸಂಸ್ಥೆಗಳು ಅದನ್ನು ಎರವಲು ಪಡೆಯುತ್ತಿವೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ನಮ್ಮ ಮನೆಯಲ್ಲೇ ಹುಟ್ಟಿದ ಪದ್ಧತಿ.

ಯುರೋಪಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಲವು ಜಾಲಗಳು ಒಂದೆಡೆ ಸೇರಿ ಸಂಚಾರ ಬದಲಿಸಿಕೊಳ್ಳುವ ಜಾಗಕ್ಕೆ ವಿನಿಮಯ ಕೇಂದ್ರ ಎನ್ನುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನ ಅಂಥ ಕೇಂದ್ರವಾದ ಎಎಂಎಸ್-ಐಎಕ್ಸ್ ಬೆಳೆದದ್ದು ಭೌತವಿಜ್ಞಾನ ಸಂಸ್ಥೆಯಾದ ನಿಖೆಫ್ ಮತ್ತು ಕಂಪ್ಯೂಟಿಂಗ್ ಕೇಂದ್ರವಾದ ಸಾರಾದ ಯಂತ್ರಕೊಠಡಿಗಳಲ್ಲಿ. ವಿಯೆನ್ನಾದ ವಿನಿಮಯ ಕೇಂದ್ರವನ್ನು ನಡೆಸುವುದು ವಿಯೆನ್ನಾ ವಿಶ್ವವಿದ್ಯಾಲಯ. ಜಿನೀವಾದಲ್ಲಿ ಕಣಭೌತವಿಜ್ಞಾನದ ಪ್ರಯೋಗಾಲಯವಾದ ಸರ್ನ್ ತನ್ನ ಆವರಣದಲ್ಲೇ ಒಂದು ವಿನಿಮಯ ಕೇಂದ್ರಕ್ಕೆ ಜಾಗ ಕೊಟ್ಟಿತು. ಪೈಪೋಟಿಯಲ್ಲಿದ್ದ ಕಂಪನಿಗಳಿಗೆ ಎಲ್ಲರೂ ನಂಬಬಹುದಾದ, ಯಾರ ಪಕ್ಷವನ್ನೂ ವಹಿಸದ ಒಂದು ಕೊಠಡಿ ಬೇಕಿತ್ತು. ಅದು ಸಿಕ್ಕಿದ್ದು ವಿದ್ಯಾಸಂಸ್ಥೆಗಳಲ್ಲಿ.

ಅಮೆರಿಕದ ಕಥೆ ಬೇರೆ ತಿರುವು ಪಡೆಯಿತು. 1995ರ ಏಪ್ರಿಲ್ 30ರಂದು ಎನ್‌ಎಸ್‌ಎಫ್‌ನೆಟ್ ಬೆನ್ನೆಲುಬನ್ನು ನಿಲ್ಲಿಸಲಾಯಿತು. ಸಾಮಾನ್ಯ ಸಂಚಾರ ಕಂಪನಿಗಳ ಪಾಲಾಯಿತು. ಮರುವರ್ಷ 34 ವಿಶ್ವವಿದ್ಯಾಲಯಗಳು ಸೇರಿ ಇಂಟರ್ನೆಟ್2 ಕಟ್ಟಲು ಹೊರಟವು. ಅದರ ಅಬಿಲೀನ್ ಜಾಲ ವಾಣಿಜ್ಯ ಅಂತರ್ಜಾಲಕ್ಕೆ ದಾರಿ ಕೊಡುತ್ತಿರಲಿಲ್ಲ. ಪ್ರತಿ ಕ್ಯಾಂಪಸ್‌ಗೂ ಎರಡು ಬಾಗಿಲುಗಳಾದವು: ಒಂದು ಸಂಶೋಧನೆಗೆ, ಇನ್ನೊಂದು ಉಳಿದೆಲ್ಲದಕ್ಕೆ. ಸಂಶೋಧನೆಯ ಬಾಗಿಲು ಅಗಲವಾಗಿತ್ತು ಮತ್ತು ಬಹುಪಾಲು ಖಾಲಿ ಇರುತ್ತಿತ್ತು. ಉಳಿದದ್ದರ ಬಾಗಿಲು ಇಕ್ಕಟ್ಟಾಗಿತ್ತು, ದುಬಾರಿಯೂ ಆಗಿತ್ತು. 2000ರ ದಶಕದಲ್ಲಿ ಇಂಟರ್ನೆಟ್2 ತನ್ನ ಸದಸ್ಯರಿಗಾಗಿ ವಾಣಿಜ್ಯ ಪಿಯರಿಂಗ್ ಸೇವೆ ಆರಂಭಿಸಿತು. ಅಮೆರಿಕದ ಮತ್ತೊಂದು ಸಂಶೋಧನಾ ಜಾಲವಾದ ನ್ಯಾಷನಲ್ ಲ್ಯಾಂಬ್ಡಾರೈಲ್‌ನ ಬಳಗದಲ್ಲಿ ಟ್ರಾನ್ಸಿಟ್‌ರೈಲ್ ಎಂಬ ಇಂಥದೇ ಸೇವೆ ಬಂತು. ಕೊನೆಗೆ ಇವೆರಡೂ ಒಂದಾದವು. ಯುರೋಪಿನ ರಾಷ್ಟ್ರೀಯ ಜಾಲಗಳಲ್ಲಿ ಅನೇಕವು ಮೊದಲಿನಿಂದಲೂ ತಮ್ಮ ಸದಸ್ಯರಿಗೆ ಇಡೀ ಅಂತರ್ಜಾಲವನ್ನು ಒದಗಿಸುತ್ತಿದ್ದುದರಿಂದ ಅವಕ್ಕೆ ಈ ಸುತ್ತುದಾರಿ ಬೇಕಾಗಲಿಲ್ಲ.

ಹಣ ಕೊಟ್ಟು ಪಡೆಯುವುದು, ವಿನಿಮಯದಿಂದ ಪಡೆಯುವುದು

ಇಲ್ಲಿ ಜಾಲ ನಿರ್ವಹಣೆಯ ಹಿನ್ನೆಲೆ ಇಲ್ಲದವರೂ ಇರುವುದರಿಂದ ಮೂಲ ಸಂಗತಿಗಳನ್ನು ಚುಟುಕಾಗಿ ಹೇಳುತ್ತೇನೆ. ಅಂತರ್ಜಾಲವೆಂದರೆ ಪ್ರತ್ಯೇಕ ಆಡಳಿತವಿರುವ ಸಾವಿರಾರು ಜಾಲಗಳ ಸಮೂಹ. ಇಂಥ ಪ್ರತಿಯೊಂದು ಜಾಲವನ್ನು ಎಎಸ್ (ಸ್ವಾಯತ್ತ ವ್ಯವಸ್ಥೆ) ಎನ್ನುತ್ತಾರೆ, ಅದಕ್ಕೊಂದು ಎಎಸ್ ಸಂಖ್ಯೆ ಇರುತ್ತದೆ. ತನ್ನ ಮೂಲಕ ಯಾವ ಯಾವ ವಿಳಾಸಗಳನ್ನು ತಲುಪಬಹುದು ಎಂದು ಒಂದು ಜಾಲ ಇನ್ನೊಂದಕ್ಕೆ ಸಾರುವುದು ಬಿಜಿಪಿ ಎಂಬ ಶಿಷ್ಟಾಚಾರದ ಮೂಲಕ. ಟ್ರಾನ್ಸಿಟ್ ಎಂದರೆ ಹಣ ಕೊಟ್ಟು ಒಬ್ಬರ ಮೂಲಕ ಇಡೀ ಜಗತ್ತನ್ನು ತಲುಪುವ ವ್ಯವಸ್ಥೆ. ಪಿಯರಿಂಗ್‌ನಲ್ಲಿ ನಾನು ನನ್ನ ಸದಸ್ಯರ ವಿಳಾಸಗಳನ್ನು ನಿಮಗೆ ಸಾರುತ್ತೇನೆ, ನೀವು ನಿಮ್ಮ ಗ್ರಾಹಕರ ವಿಳಾಸಗಳನ್ನು ನನಗೆ ಸಾರುತ್ತೀರಿ. ನಿಮ್ಮ ಮೂಲಕ ಮೂರನೆಯವರನ್ನು ತಲುಪುವ ಹಕ್ಕು ನನಗಿಲ್ಲ, ನನ್ನ ಮೂಲಕ ನಿಮಗೂ ಇಲ್ಲ. ಸಾಮಾನ್ಯವಾಗಿ ಹಣದ ಮಾತೂ ಇರುವುದಿಲ್ಲ. ಇಬ್ಬರೂ ಒಂದು ವಿನಿಮಯ ಕೇಂದ್ರದ ಈಥರ್ನೆಟ್ ಸ್ವಿಚ್‌ಗೆ ಬಂದು ಸೇರಬಹುದು, ಇಲ್ಲವೇ ಒಂದೇ ಕಟ್ಟಡದಲ್ಲಿ ಒಬ್ಬರ ರೂಟರ್‌ನಿಂದ ಇನ್ನೊಬ್ಬರ ರೂಟರ್‌ಗೆ ನೇರವಾಗಿ ಫೈಬರ್ ಎಳೆಯಬಹುದು.

ಪಿಯರಿಂಗ್‌ನಿಂದ ಹಣ ಉಳಿಯುತ್ತದೆ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಲಾಭ. ಅದು ನಿಜ. ಆದರೆ ಸಂಶೋಧನಾ ಜಾಲಕ್ಕೆ ಆ ಲಾಭ ಬರುವ ಬಗೆ ಸ್ವಲ್ಪ ವಿಶೇಷ. ಟ್ರಾನ್ಸಿಟ್ ಬಿಲ್ಲನ್ನು ಸಾಮಾನ್ಯವಾಗಿ 95ನೆಯ ಪರ್ಸೆಂಟೈಲ್‌ನ ಲೆಕ್ಕದಲ್ಲಿ ಹಾಕುತ್ತಾರೆ. ಪ್ರತಿ 5 ನಿಮಿಷಕ್ಕೊಂದು ಅಳತೆ. 30 ದಿನಗಳ ತಿಂಗಳಿಗೆ 8,640 ಅಳತೆಗಳು. ಅವುಗಳಲ್ಲಿ ಅತಿ ಹೆಚ್ಚಿನ 432ನ್ನು ಬಿಟ್ಟು, ಅದರ ಕೆಳಗಿನ ಅಳತೆಗೆ ದರ ಕಟ್ಟುತ್ತಾರೆ. 432 ಅಳತೆ ಎಂದರೆ 36 ಗಂಟೆ. ಕಚೇರಿಯೊಂದರ ಸಂಚಾರದಲ್ಲಿ ಆಗೊಮ್ಮೆ ಈಗೊಮ್ಮೆ ಬರುವ ಏರಿಕೆಗಳು ಈ 36 ಗಂಟೆಯೊಳಗೆ ಅಡಗಿ ಹೋಗುತ್ತವೆ. ಆದರೆ ಜೀವವಿಜ್ಞಾನದ ತಂಡವೊಂದು ಕ್ಲೌಡ್‌ಗೆ ಎರಡು ದಿನ ಬಿಡದೆ ದತ್ತಾಂಶ ಕಳುಹಿಸಿತು ಎನ್ನಿ. ಅದು 48 ಗಂಟೆ. ಆ ಒಂದೇ ವರ್ಗಾವಣೆ ಇಡೀ ತಿಂಗಳ ಬಿಲ್ಲನ್ನು ನಿರ್ಧರಿಸುತ್ತದೆ. ಇಂಥ ಬಿಲ್ಲು ಒಮ್ಮೆ ಬಂದ ಮೇಲೆ ಜಾಲದ ಕಚೇರಿ ಸಂಶೋಧಕರಿಗೆ ‘ನಿಧಾನವಾಗಿ ಕಳುಹಿಸಿ’ ಎಂದು ಹೇಳತೊಡಗುತ್ತದೆ. ಸಂಶೋಧನಾ ಜಾಲವೊಂದು ತನ್ನ ಸಂಶೋಧಕರಿಗೆ ಹೇಳಬಾರದ ಮಾತೇನಾದರೂ ಇದ್ದರೆ ಅದು ಇದೇ. ವಿನಿಮಯ ಕೇಂದ್ರದ ಪೋರ್ಟ್‌ಗೆ ನಿಗದಿತ ಶುಲ್ಕವಿರುತ್ತದೆ. ಅದನ್ನು ತುಂಬಿಸಿದರೂ ಖಾಲಿ ಬಿಟ್ಟರೂ ಖರ್ಚು ಅಷ್ಟೇ.

ಎರಡನೆಯ ಲಾಭ ದೂರಕ್ಕೆ ಸಂಬಂಧಿಸಿದ್ದು. ಪ್ಯಾಕೆಟ್ ನಷ್ಟದ ಪ್ರಮಾಣ ಒಂದೇ ಇದ್ದರೆ, ದತ್ತಾಂಶವನ್ನು ತಪ್ಪಿಲ್ಲದೆ ತಲುಪಿಸುವ ಶಿಷ್ಟಾಚಾರವಾದ ಟಿಸಿಪಿಯ ಸಾಂಪ್ರದಾಯಿಕ ಸಂಪರ್ಕದ ವೇಗ ಹೋಗಿಬರುವ ಸಮಯಕ್ಕೆ ವಿಲೋಮವಾಗಿರುತ್ತದೆ. 10 ಮಿಲಿಸೆಕೆಂಡಿನ ದಾರಿ ಸುತ್ತಿಬಳಸಿ 100 ಮಿಲಿಸೆಕೆಂಡ್ ಆದರೆ ವೇಗ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗವನ್ನು 100 ಮಿಲಿಸೆಕೆಂಡಿನ ದಾರಿಯಲ್ಲಿ ಉಳಿಸಿಕೊಳ್ಳಬೇಕಾದರೆ ಯಾವುದೇ ಕ್ಷಣದಲ್ಲಿ 125 ಮೆಗಾಬೈಟ್ ದತ್ತಾಂಶ ದಾರಿಯಲ್ಲಿರಬೇಕು, ಅಷ್ಟನ್ನೂ ಕಳುಹಿಸುವ ಯಂತ್ರ ನೆನಪಿನಲ್ಲಿ ಹಿಡಿದಿರಬೇಕು. ದಾರಿಯನ್ನು ಮೊಟಕುಗೊಳಿಸಿದರೆ ಈ ಕಷ್ಟವೆಲ್ಲ ತಾನಾಗಿಯೇ ಕರಗುತ್ತದೆ.

ಯಾರೊಂದಿಗೆ ಪಿಯರಿಂಗ್ ಮಾಡಬೇಕು? ಇಲ್ಲಿ ಕಾಲ ನಮಗೆ ಅನುಕೂಲವಾಗಿ ಬದಲಾಗಿದೆ. ಕ್ರೇಗ್ ಲಬೋವಿಟ್ಜ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2009ರ ಜುಲೈ ಹೊತ್ತಿಗೆ ಕೇವಲ 150 ಎಎಸ್‌ಗಳು ಜಾಲಗಳ ನಡುವಿನ ಒಟ್ಟು ಸಂಚಾರದ ಅರ್ಧಕ್ಕೂ ಹೆಚ್ಚು ಪಾಲಿಗೆ ಮೂಲವಾಗಿದ್ದವು. ಎರಡು ವರ್ಷಗಳ ಹಿಂದೆ ಅದೇ ಅರ್ಧಕ್ಕೆ ಸಾವಿರಾರು ಎಎಸ್‌ಗಳು ಬೇಕಾಗಿದ್ದವು. ಸಂಚಾರ ಕೆಲವೇ ಕೈಗಳಲ್ಲಿ ಸೇರುತ್ತಿರುವುದು ಸಮಾಜಕ್ಕೆ ಒಳ್ಳೆಯದಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಜಾಲ ನಡೆಸುವವರಿಗೆ ಅದರ ಅರ್ಥ ಇಷ್ಟು: ಕೆಲವೇ ಪಿಯರಿಂಗ್ ಸಂಬಂಧಗಳಿಂದ ದೊಡ್ಡ ಭಾಗ ಟ್ರಾನ್ಸಿಟ್‌ನಿಂದ ಹೊರಬರುತ್ತದೆ. ವಿಡಿಯೊ ಮತ್ತು ಕ್ಲೌಡ್ ಕಂಪನಿಗಳು ಪಿಯರಿಂಗ್‌ಗೆ ಸಾಮಾನ್ಯವಾಗಿ ಮುಕ್ತ ಮನಸ್ಸಿನವು. ವಿದ್ಯಾರ್ಥಿಗಳಿರುವ ಜಾಲವೆಂದರೆ ಅವುಗಳಿಗೆ ನೇರವಾಗಿ ನೋಡುಗರು, ಬಳಕೆದಾರರು. ಒಪ್ಪದೆ ಇರುವುದು ಹೆಚ್ಚಾಗಿ ದೊಡ್ಡ ದೂರಸಂಪರ್ಕ ಕಂಪನಿಗಳು. ವಿಶ್ವವಿದ್ಯಾಲಯ ಅವುಗಳ ಕಣ್ಣಿಗೆ ಸಮಾನ ಪಾಲುದಾರನಲ್ಲ, ಸಂಭಾವ್ಯ ಗ್ರಾಹಕ. ಎರಡೂ ದಿಕ್ಕಿನ ಸಂಚಾರದ ಅನುಪಾತ ಇಂತಿಷ್ಟಿರಬೇಕು ಎಂದು ಕೆಲವು ಷರತ್ತು ಹಾಕುತ್ತವೆ. ಅಂಥ ಕಂಪನಿಗಳ ಮನವೊಲಿಸುವ ಪ್ರಯತ್ನವನ್ನು ಬಿಡಬಾರದು. 2020ರಲ್ಲಿ ಕ್ಯಾಂಪಸ್‌ಗಳು ಖಾಲಿಯಾಗಿ ಪಾಠ ಮನೆಗಳಿಗೆ ಹೋದಾಗ ಸಂಚಾರದ ದಿಕ್ಕೇ ತಿರುಗಿತು. ವಿದ್ಯಾರ್ಥಿಗಳು ಮನೆಯ ಬ್ರಾಡ್‌ಬ್ಯಾಂಡ್‌ನಿಂದ ಕ್ಯಾಂಪಸ್ಸಿನ ಸರ್ವರ್‌ಗಳಿಗೆ ಬರಬೇಕಾಯಿತು. ಆಗ ಮನೆಗಳಿಗೆ ಸಂಪರ್ಕ ಕೊಡುವ ಕಂಪನಿಗಳೊಂದಿಗಿನ ಪಿಯರಿಂಗ್‌ಗೆ ಇದ್ದ ಬೆಲೆ ಎಲ್ಲರಿಗೂ ತಿಳಿಯಿತು.

ಕಾಗದಪತ್ರಗಳ ಬಗ್ಗೆ ಒಂದು ಮಾತು. ಪ್ಯಾಕೆಟ್ ಕ್ಲಿಯರಿಂಗ್ ಹೌಸ್ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು 19 ಲಕ್ಷ ಪಿಯರಿಂಗ್ ಒಪ್ಪಂದಗಳ ಪೈಕಿ ಶೇ. 99.9ಕ್ಕೂ ಹೆಚ್ಚು ಬರಹದ ಕರಾರಿಲ್ಲದೆ, ಬಾಯಿಮಾತಿನ ಮೇಲೆ ನಡೆಯುತ್ತಿದ್ದವು. ವಿದ್ಯಾಸಂಸ್ಥೆಗಳ ಕಾನೂನು ವಿಭಾಗಗಳಿಗೆ ಇದು ನಂಬಲಾಗದ ಸಂಗತಿ. ಪ್ರತಿ ಸಂಬಂಧಕ್ಕೂ ತಿಳಿವಳಿಕೆ ಪತ್ರ, ಮೊಹರು, ಸಮಿತಿಯ ಒಪ್ಪಿಗೆ ಬೇಕೆಂದು ಹಟ ಹಿಡಿದರೆ ಎದುರಿನವರು ಸುಮ್ಮನೆ ಮುಂದಿನ ಜಾಲದ ಕಡೆ ಹೋಗುತ್ತಾರೆ. ನಿಮ್ಮ ಆಡಳಿತ ಮಂಡಳಿಯಿಂದ ಪಿಯರಿಂಗ್ ನೀತಿಗೆ ಒಮ್ಮೆ ಒಪ್ಪಿಗೆ ಪಡೆಯಿರಿ. ಅದನ್ನು ಪಿಯರಿಂಗ್‌ಡಿಬಿಯಲ್ಲಿ, ಅಂದರೆ ಜಾಲಗಳು ತಮ್ಮ ಪಿಯರಿಂಗ್ ವಿವರ ದಾಖಲಿಸುವ ಸಾರ್ವಜನಿಕ ದತ್ತಸಂಚಯದಲ್ಲಿ, ಪ್ರಕಟಿಸಿ. ಒಂದೊಂದು ಸಂಪರ್ಕದ ತೀರ್ಮಾನವನ್ನು ಎಂಜಿನಿಯರುಗಳಿಗೆ ಬಿಡಿ.

ಗುರುತು ಅಳಿದರೆ ಏನಾಗುತ್ತದೆ

ಈಗ ನಿಜವಾಗಿ ಕಷ್ಟದ ಭಾಗಕ್ಕೆ ಬರೋಣ.

ವಾಣಿಜ್ಯ ಜಾಲಗಳ ಲೋಕದಲ್ಲಿ ಒಂದು ಸರಳ ನಿಯಮವಿದೆ. ಗ್ರಾಹಕರ ಮಾರ್ಗಗಳನ್ನು ಎಲ್ಲರಿಗೂ ಸಾರು. ಪಿಯರ್‌ನಿಂದ ಬಂದ ಮಾರ್ಗವನ್ನು ಗ್ರಾಹಕರಿಗೆ ಮಾತ್ರ ಸಾರು. ಇದನ್ನು ಎಲ್ಲರೂ ಪಾಲಿಸಿದರೆ ಯಾರೂ ಪುಕ್ಕಟೆಯಾಗಿ ಇನ್ನೊಬ್ಬರ ಸಂಚಾರವನ್ನು ಹೊರಬೇಕಾಗುವುದಿಲ್ಲ. ಸಂಶೋಧನಾ ಜಾಲಗಳು ತಮ್ಮತಮ್ಮೊಳಗೆ ಈ ನಿಯಮವನ್ನು ತಿಳಿದೇ ಮೀರುತ್ತವೆ. ಯುರೋಪಿನ ರಾಷ್ಟ್ರೀಯ ಸಂಶೋಧನಾ ಜಾಲಗಳನ್ನು ಜೋಡಿಸುವ ಜಿಯಾಂಟ್ ಆ ಜಾಲಗಳ ಮಾರ್ಗಗಳನ್ನಷ್ಟೇ ಅಲ್ಲ, ಬೇರೆ ಖಂಡಗಳ ಸಂಶೋಧನಾ ಜಾಲಗಳ ಮಾರ್ಗಗಳನ್ನೂ ಮುಂದಕ್ಕೆ ಸಾರುತ್ತದೆ. ಇಂಟರ್ನೆಟ್2 ಕೂಡ ಹಾಗೆಯೇ. ಒಬ್ಬರ ಸಾಗರದಾಚೆಯ ಕೇಬಲ್ ಇನ್ನೊಬ್ಬರ ವಿಜ್ಞಾನಕ್ಕೂ ಉಪಯೋಗವಾಗಲಿ ಎಂಬ ಉದಾರತೆ ಇದರ ಹಿಂದಿದೆ. ಅದು ಈ ಸಮುದಾಯದ ಅತ್ಯುತ್ತಮ ಗುಣ ಎಂದು ನಾನು ನಂಬುತ್ತೇನೆ.

ಅದೇ ಉದಾರತೆಯ ಜೊತೆ ವಾಣಿಜ್ಯ ಪಿಯರಿಂಗ್ ಬೆರೆತಾಗ ಏನಾಗಬಹುದು ನೋಡಿ. ಒಂದು ರಾಷ್ಟ್ರೀಯ ಜಾಲ ತನ್ನ ನಗರದ ವಿನಿಮಯ ಕೇಂದ್ರದಲ್ಲಿ ದೊಡ್ಡ ಕ್ಲೌಡ್ ಕಂಪನಿಯೊಂದಿಗೆ ಪಿಯರಿಂಗ್ ಮಾಡುತ್ತದೆ. ಆ ಕಂಪನಿಯ ಮಾರ್ಗಗಳು ಜಾಲದ ರೂಟರ್‌ಗಳಲ್ಲಿ ಸೇರುತ್ತವೆ. ಯಾವ ಮಾರ್ಗವನ್ನು ಯಾರಿಗೆ ಸಾರಬೇಕು ಎಂದು ನಿರ್ಧರಿಸುವ ಫಿಲ್ಟರ್‌ನಲ್ಲಿ ಒಂದು ಸಾಲು ತಪ್ಪಿ ಅವು ಇತರ ಸಂಶೋಧನಾ ಜಾಲಗಳಿಗೂ ಸಾರಲ್ಪಡುತ್ತವೆ. ಅಲ್ಲಿಂದ ಮುಂದೆ ಉದಾರತೆ ತನ್ನ ಕೆಲಸ ಮಾಡುತ್ತದೆ: ಒಂದು ಜಾಲದಿಂದ ಇನ್ನೊಂದಕ್ಕೆ ಸಾಗುತ್ತ ಬೇರೆ ಖಂಡದ ವಿಶ್ವವಿದ್ಯಾಲಯವನ್ನು ತಲುಪುತ್ತವೆ. ಆ ವಿಶ್ವವಿದ್ಯಾಲಯದ ರೂಟರ್‌ಗೆ ಒಂದು ಆದೇಶವಿರುತ್ತದೆ: ಸಂಶೋಧನಾ ಜಾಲದಿಂದ ಬಂದ ಮಾರ್ಗಕ್ಕೆ ಯಾವಾಗಲೂ ಹೆಚ್ಚು ಆದ್ಯತೆ. ಬಿಜಿಪಿಯಲ್ಲಿ ಸ್ಥಳೀಯ ಆದ್ಯತೆಯನ್ನು ನೋಡಿದ ಮೇಲೆಯೇ ಮಾರ್ಗದ ಉದ್ದವನ್ನು ನೋಡುವುದು. ಹೀಗಾಗಿ ತನ್ನ ಊರಿನಲ್ಲೇ ಇರುವ ಕ್ಲೌಡ್ ಕೇಂದ್ರಕ್ಕೆ ಹೋಗಬೇಕಾದ ಸಂಚಾರ ಸಾಗರ ದಾಟಿ, ಮತ್ತೊಂದು ದೇಶದ ವಿನಿಮಯ ಕೇಂದ್ರದ ಪೋರ್ಟ್ ಮೂಲಕ ಹೊರಬಿದ್ದು, ಮತ್ತೆ ಸಾಗರ ದಾಟಿ ಹಿಂದಕ್ಕೆ ಬರಬಹುದು.

ಏನೂ ಕೆಟ್ಟು ನಿಲ್ಲುವುದಿಲ್ಲ ಎಂಬುದೇ ಇದರ ಅಪಾಯ. ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ, ಸಂಪರ್ಕಗಳೆಲ್ಲ ಹಸಿರು ಬಣ್ಣದಲ್ಲೇ ಇರುತ್ತವೆ. ಎಲ್ಲವೂ ನಿಧಾನವಾಗುತ್ತದೆ, ಅಷ್ಟೇ. ಸಂಶೋಧಕರು ಮೊದಲು ತಮ್ಮ ಲ್ಯಾಪ್‌ಟಾಪನ್ನು ಅನುಮಾನಿಸುತ್ತಾರೆ, ಆಮೇಲೆ ಕ್ಲೌಡ್ ಕಂಪನಿಯನ್ನು. ಹಾರ್ಡ್ ಡಿಸ್ಕ್‌ಗೆ ತುಂಬಿಸಿ ಕೊರಿಯರ್‌ನಲ್ಲಿ ಕಳುಹಿಸುವುದೇ ವಾಸಿ ಎನ್ನುವ ತೀರ್ಮಾನಕ್ಕೆ ಬರುವವರೂ ಇದ್ದಾರೆ. ಅಷ್ಟು ವೇಗದ ಜಾಲ ಕಟ್ಟಿ ಈ ಸ್ಥಿತಿಗೆ ತಂದುಕೊಳ್ಳುವುದು ನನಗೆ ಸಹಿಸಲಾಗದ ಸಂಗತಿ.

ಪರಿಹಾರ ಕಷ್ಟದ್ದಲ್ಲ, ಶಿಸ್ತಿನದು. ಮಾರ್ಗವೊಂದು ಜಾಲದೊಳಗೆ ಕಾಲಿಡುವ ಕ್ಷಣದಲ್ಲೇ ಅದಕ್ಕೆ ಬಿಜಿಪಿ ಕಮ್ಯುನಿಟಿ ಎಂಬ, ಮಾರ್ಗದ ಜೊತೆಗೇ ಸಾಗುವ ಸಂಖ್ಯಾರೂಪದ ಗುರುತು ಹಚ್ಚಬೇಕು: ಸದಸ್ಯರಿಂದ ಬಂದದ್ದು, ಸಂಶೋಧನಾ ಜಾಲದಿಂದ ಬಂದದ್ದು, ವಾಣಿಜ್ಯ ಪಿಯರ್‌ನಿಂದ ಬಂದದ್ದು, ಟ್ರಾನ್ಸಿಟ್‌ನಿಂದ ಬಂದದ್ದು. ಎದುರಿನವರು ಹಚ್ಚಿ ಕಳುಹಿಸಿದ, ನಮ್ಮದೇ ಸಂಖ್ಯೆಯ ಗುರುತುಗಳೇನಾದರೂ ಇದ್ದರೆ ಮೊದಲು ಅಳಿಸಬೇಕು. ಹೊರಗೆ ಸಾರುವಾಗ ಈ ಗುರುತನ್ನು ಓದಿಯೇ ತೀರ್ಮಾನಿಸಬೇಕು. ಗುರುತಿಲ್ಲದ ಮಾರ್ಗ ಹೊರಗೆ ಹೋಗಲೇಬಾರದು. ಅಂತರ್ಜಾಲದ ತಾಂತ್ರಿಕ ಮಾನದಂಡಗಳಲ್ಲಿ ಒಂದಾದ 2017ರ ಆರ್‌ಎಫ್‌ಸಿ 8212 ಇದೇ ದಿಕ್ಕಿನ ಮಾತನ್ನು ಹೇಳುತ್ತದೆ: ನೀತಿಯನ್ನು ಸ್ಪಷ್ಟವಾಗಿ ಬರೆಯದಿದ್ದರೆ ರೂಟರ್ ಏನನ್ನೂ ಸ್ವೀಕರಿಸಬಾರದು, ಏನನ್ನೂ ಸಾರಬಾರದು.

ದೊಡ್ಡ ಜಾಲಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡು ಎಎಸ್ ಸಂಖ್ಯೆಗಳನ್ನೇ ಇಟ್ಟುಕೊಂಡಿವೆ. ಇಂಟರ್ನೆಟ್2ರ ಸಂಶೋಧನಾ ಜಾಲ 11537, ಅದರ ವಾಣಿಜ್ಯ ಪಿಯರಿಂಗ್ 11164. ಜಿಯಾಂಟ್‌ನಲ್ಲೂ 20965 ಮತ್ತು 21320 ಎಂದು ಬೇರೆ ಬೇರೆ. ಹಾಗೆ ಮಾಡಿದಾಗ ಮಾರ್ಗ ಎಲ್ಲಿಂದ ಬಂತೆಂದು ತಿಳಿಯಲು ಒಳಗಿನ ಗುರುತುಗಳನ್ನು ಓದಬೇಕಾಗಿಲ್ಲ. ಮಾರ್ಗದ ಮೈಮೇಲೆಯೇ ಅದು ಬರೆದಿರುತ್ತದೆ, ಜಗತ್ತಿನ ಯಾರು ಬೇಕಾದರೂ ಓದಬಹುದು. ಸದಸ್ಯ ಸಂಸ್ಥೆಗೂ ಆಯ್ಕೆ ಉಳಿಯುತ್ತದೆ. ಸಂಶೋಧನಾ ಮಾರ್ಗಗಳನ್ನು ಮಾತ್ರ ಪಡೆಯಬಹುದು, ಎರಡನ್ನೂ ಪಡೆದು ಬೇರೆ ಬೇರೆ ಆದ್ಯತೆ ಕೊಡಬಹುದು. ನನ್ನ ಮಟ್ಟಿಗೆ, ಸಾಮರ್ಥ್ಯವಿರುವ ಯಾವುದೇ ರಾಷ್ಟ್ರೀಯ ಜಾಲ ಅನುಸರಿಸಬೇಕಾದ ಮಾದರಿ ಇದು.

ಮೊದಲು ಹೇಳಿದ ಬಳಕೆಯ ನಿಯಮವನ್ನು ಈ ಬೆಳಕಿನಲ್ಲಿ ಮತ್ತೆ ನೋಡಿ. ಸಾರ್ವಜನಿಕ ಹಣದ ಜಾಲ ಕಂಪನಿಗಳ ವ್ಯವಹಾರ ಹೊರಬಾರದು ಎಂಬ ಕಾಳಜಿ ಇಂದಿಗೂ ನ್ಯಾಯವಾದದ್ದೇ. ಅದನ್ನು ಉಳಿಸುವುದು ಇಷ್ಟೇ: ಸಂಚಾರದ ಒಂದು ತುದಿಯಲ್ಲಾದರೂ ಸದಸ್ಯ ಸಂಸ್ಥೆ ಇರಬೇಕು. ಒಂದು ವಾಣಿಜ್ಯ ಪಿಯರ್‌ನಿಂದ ಬಂದ ಮಾರ್ಗವನ್ನು ಇನ್ನೊಂದು ವಾಣಿಜ್ಯ ಪಿಯರ್‌ಗೆ ಸಾರದಿದ್ದರೆ, ಇಬ್ಬರು ಕಂಪನಿಯವರು ನಮ್ಮ ಫೈಬರ್ ಮೂಲಕ ಮಾತನಾಡುವ ಸಾಧ್ಯತೆಯೇ ಹುಟ್ಟುವುದಿಲ್ಲ. ಸಮಿತಿಗಳು ವರ್ಷಗಟ್ಟಲೆ ಚರ್ಚಿಸುವ ನೀತಿ ರೂಟರ್‌ನಲ್ಲಿ ನಾಲ್ಕು ಸಾಲಿನ ಫಿಲ್ಟರ್ ಆಗಿ ನಿಲ್ಲುತ್ತದೆ. ಆ ನಾಲ್ಕು ಸಾಲನ್ನು ನೀತಿ ರೂಪಿಸುವವರೂ ಓದಬಲ್ಲವರಾಗಬೇಕು ಎಂಬುದು ನನ್ನ ಬಹುಕಾಲದ ಆಸೆ. ಸರ್ಕಾರಿ ಹಣದ ಜಾಲ ತಮ್ಮ ಮಾರುಕಟ್ಟೆ ಕಸಿಯುತ್ತಿದೆ ಎಂದು ಕಂಪನಿಗಳು ದೂರಿದಾಗಲೂ ಕೊಡಬೇಕಾದ ಉತ್ತರ ಅಲ್ಲೇ ಇದೆ: ಸದಸ್ಯರಲ್ಲದವರಿಗೆ ನಾವು ಏನನ್ನೂ ಮಾರುತ್ತಿಲ್ಲ, ಬೇಕಿದ್ದರೆ ಫಿಲ್ಟರ್ ನೋಡಿ.

ಕ್ಯಾಂಪಸ್ಸಿನ ಕಡೆಯ ತೊಡಕುಗಳು

ರಾಷ್ಟ್ರೀಯ ಜಾಲ ಎಲ್ಲವನ್ನೂ ಸರಿಯಾಗಿ ಮಾಡಿದರೂ ಕ್ಯಾಂಪಸ್ಸಿನ ಒಂದು ನಿರ್ಧಾರ ಅದನ್ನು ವ್ಯರ್ಥಗೊಳಿಸಬಹುದು. ನಾನು ಹೆಚ್ಚು ಎದುರಿಸುವ ಉದಾಹರಣೆ ಇದು. ವಿಶ್ವವಿದ್ಯಾಲಯಕ್ಕೆ /16 ಗಾತ್ರದ, ಅಂದರೆ 65,536 ವಿಳಾಸಗಳ ಗುಂಪಿದೆ. ಸಂಶೋಧನಾ ಜಾಲಕ್ಕೆ ಅದನ್ನು ಇಡಿಯಾಗಿ ಸಾರುತ್ತದೆ. ವಾಣಿಜ್ಯ ಕಂಪನಿಯ ಎರಡು ಸಂಪರ್ಕಗಳಲ್ಲಿ ಹೊರೆ ಸಮನಾಗಲಿ ಎಂದು ಅಲ್ಲಿ ಎರಡು /17ಗಳಾಗಿ, ಅಂದರೆ ಎರಡು ಅರ್ಧಗಳಾಗಿ, ಒಡೆದು ಸಾರುತ್ತದೆ. ರೂಟರ್‌ಗಳು ಪ್ಯಾಕೆಟ್ ಮುಂದೆ ಕಳುಹಿಸುವಾಗ ಅತ್ಯಂತ ನಿರ್ದಿಷ್ಟವಾದ ಮಾರ್ಗವನ್ನೇ ಹಿಡಿಯುತ್ತವೆ, ಆದ್ಯತೆಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಎರಡೂ ಬಗೆಯ ಮಾರ್ಗಗಳಿರುವ ಜಾಲಗಳಿಂದ ಆ ವಿಶ್ವವಿದ್ಯಾಲಯಕ್ಕೆ ಬರುವ ಪ್ರತಿ ಪ್ಯಾಕೆಟ್ ವಾಣಿಜ್ಯ ಸಂಪರ್ಕದಲ್ಲೇ ಬರುತ್ತದೆ. ಸಹಯೋಗಿ ಪ್ರಯೋಗಾಲಯ ಕಳುಹಿಸಿದ ದತ್ತಾಂಶವೂ ಅದರಲ್ಲೇ. ಸಂಶೋಧನಾ ಸಂಪರ್ಕ ಒಳಮುಖವಾಗಿ ಖಾಲಿ ಬಿದ್ದಿರುತ್ತದೆ. ಪರಿಹಾರ: ಒಂದು ಕಡೆ ಎಷ್ಟು ಚೂರಾಗಿ ಸಾರುತ್ತೀರೋ ಇನ್ನೊಂದು ಕಡೆಯೂ ಅಷ್ಟೇ ಚೂರಾಗಿ ಸಾರಿ.

ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆದಾಗ ಮತ್ತೊಂದು ತೊಂದರೆ ಬರುತ್ತದೆ. ಅಂತರ್ಜಾಲಕ್ಕೆ ಇದು ಸಹಜ, ಫೈರ್‌ವಾಲ್‌ಗೆ ಅಲ್ಲ. ಸಂಶೋಧನಾ ಸಂಪರ್ಕದ ಫೈರ್‌ವಾಲ್ ಮೂಲಕ ಹೊರಟ ಕೋರಿಕೆಗೆ ಉತ್ತರ ವಾಣಿಜ್ಯ ಸಂಪರ್ಕದ ಫೈರ್‌ವಾಲ್‌ಗೆ ಬಂದರೆ, ಅದು ಕೋರಿಕೆಯನ್ನು ಕಂಡೇ ಇಲ್ಲವಾದ್ದರಿಂದ ಉತ್ತರವನ್ನು ಎಸೆಯುತ್ತದೆ. ದೊಡ್ಡ ದತ್ತಾಂಶ ಸಾಗಿಸುವ ಯಂತ್ರಗಳನ್ನು ಕ್ಯಾಂಪಸ್ಸಿನ ಗಡಿಯಲ್ಲೇ, ಮುಖ್ಯ ಫೈರ್‌ವಾಲ್‌ನ ಹೊರಗೆ, ತಮ್ಮದೇ ಬಿಗಿಯಾದ ನಿಯಮಗಳೊಂದಿಗೆ ಇಡುವ ಸೈನ್ಸ್ ಡಿಎಂಜೆಡ್ ಎಂಬ ವಿನ್ಯಾಸವನ್ನು ಅಮೆರಿಕದ ಇಎಸ್‌ನೆಟ್ ರೂಪಿಸಿತು. ವಾಣಿಜ್ಯ ಪಿಯರಿಂಗ್ ಬಂದ ಮೇಲೆ ಅದರ ಅಗತ್ಯ ಹೆಚ್ಚಾಗಿದೆ.

ಪ್ಯಾಕೆಟ್ ಗಾತ್ರದ ತೊಡಕೂ ಉಂಟು. ಸಂಶೋಧನಾ ಜಾಲಗಳಲ್ಲಿ 9,000 ಬೈಟ್ ಪ್ಯಾಕೆಟ್‌ಗಳು ಸಾಮಾನ್ಯ. ವಿನಿಮಯ ಕೇಂದ್ರಗಳ ಸ್ವಿಚ್‌ಗಳಲ್ಲಿ ಸಾಮಾನ್ಯ ಮಿತಿ 1,500. ಗಾತ್ರ ತಗ್ಗಿಸಿ ಎಂದು ದಾರಿಯ ರೂಟರ್ ಕಳುಹಿಸುವ ಐಸಿಎಂಪಿ ಸಂದೇಶವನ್ನು ಯಾರಾದರೂ ಭದ್ರತೆಯ ಹೆಸರಿನಲ್ಲಿ ತಡೆದಿದ್ದರೆ ವಿಚಿತ್ರ ರೋಗಲಕ್ಷಣ ಕಾಣುತ್ತದೆ: ಲಾಗಿನ್ ಆಗುತ್ತದೆ, ಕಡತಗಳ ಪಟ್ಟಿ ಬರುತ್ತದೆ, ಕಡತ ಮಾತ್ರ ಅಲುಗುವುದಿಲ್ಲ. ಆ ಐಸಿಎಂಪಿ ಸಂದೇಶಗಳನ್ನು ತಡೆಯಬೇಡಿ.

ಸಭಿಕರ ಪ್ರಶ್ನೆಗಳು

ಇಷ್ಟೆಲ್ಲ ಪಿಯರಿಂಗ್ ಇದ್ದ ಮೇಲೆ ಟ್ರಾನ್ಸಿಟ್ ಬೇಕೇ ಎಂದು ಒಬ್ಬರು ಕೇಳಿದರು. ಬೇಕು. ಪಿಯರಿಂಗ್‌ಗೆ ಬರದ ಸಾವಿರಾರು ಜಾಲಗಳಿವೆ, ನಿಮ್ಮ ಸಂಶೋಧಕರಿಗೆ ಯಾವ ದಿನ ಯಾವುದು ಬೇಕಾಗುತ್ತದೋ ಹೇಳಲಾಗದು. ಪಿಯರಿಂಗ್ ಕೊಂಡಿ ಕಡಿದುಹೋದಾಗ ಅದರ ಸಂಚಾರವನ್ನು ಹೊರುವಷ್ಟು ಟ್ರಾನ್ಸಿಟ್ ಇರಬೇಕು. ಅಷ್ಟಿಲ್ಲದಿದ್ದರೆ ಎರಡು ಬೇರೆ ಕಟ್ಟಡಗಳಲ್ಲಿ ಪಿಯರಿಂಗ್ ಮಾಡಿ.

ವಾಣಿಜ್ಯ ಸಂಚಾರ ಬೆರೆತರೆ ವಿಜ್ಞಾನದ ದೊಡ್ಡ ಹರಿವುಗಳಿಗೆ ತೊಂದರೆಯಾಗದೇ ಎಂಬುದು ಮತ್ತೊಂದು ಪ್ರಶ್ನೆ. ಬೆನ್ನೆಲುಬಿನಲ್ಲಿ ಜಾಗವಿದ್ದರೆ ತೊಂದರೆಯಿಲ್ಲ. ಅದಕ್ಕೂ ಮೀರಿದ ಅಗತ್ಯವಿದ್ದವರಿಗೆ ಬೇರೆ ವ್ಯವಸ್ಥೆಗಳಿವೆ. ಸರ್ನ್‌ನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ದತ್ತಾಂಶಕ್ಕೆ ಎಲ್‌ಎಚ್‌ಸಿ ಒನ್ ಎಂಬ ಪ್ರತ್ಯೇಕ ಖಾಸಗಿ ಜಾಲವನ್ನು ಸಂಶೋಧನಾ ಜಾಲಗಳು ಒಟ್ಟಾಗಿ ನಡೆಸುತ್ತಿವೆ. ಅದಕ್ಕೆ ಸೇರಲು ಅನುಮತಿ ಇರುವ ಕೇಂದ್ರಗಳು ಮಾತ್ರ ಅದರಲ್ಲಿ ಕಾಣುತ್ತವೆ.

ಸಣ್ಣ ಜಾಲ, ಒಬ್ಬಿಬ್ಬರೇ ಎಂಜಿನಿಯರುಗಳು, ಎಲ್ಲಿಂದ ಶುರು ಮಾಡಲಿ ಎಂದು ಹಿಂದಿನ ಸಾಲಿನಲ್ಲಿದ್ದ ಯುವತಿ ಕೇಳಿದರು. ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಮೊದಲು ಅಳೆಯಿರಿ. ಸಂಚಾರ ಎಲ್ಲಿಂದ ಎಲ್ಲಿಗೆ ಹೋಯಿತೆಂದು ರೂಟರ್ ಬರೆದಿಡುವ ನೆಟ್‌ಫ್ಲೋ ಅಥವಾ ಎಸ್‌ಫ್ಲೋ ದಾಖಲೆಗಳನ್ನು ಒಂದು ತಿಂಗಳು ಸಂಗ್ರಹಿಸಿ, ಯಾವ ಎಎಸ್‌ಗಳೊಂದಿಗೆ ನಿಮ್ಮ ಸಂಚಾರ ಹೆಚ್ಚು ಎಂದು ನೋಡಿ. ಅವು ಯಾವ ವಿನಿಮಯ ಕೇಂದ್ರದಲ್ಲಿವೆ ಎಂಬುದು ಪಿಯರಿಂಗ್‌ಡಿಬಿಯಲ್ಲಿ ಸಿಗುತ್ತದೆ. ಅಲ್ಲಿ ನಿಮ್ಮ ಜಾಲವನ್ನೂ ನೋಂದಾಯಿಸಿ, ಶಿಕ್ಷಣ ಮತ್ತು ಸಂಶೋಧನೆ ಎಂಬ ವರ್ಗವೇ ಇದೆ. ಒಂದು ಪೋರ್ಟ್ ತೆಗೆದುಕೊಂಡು ಸೇರಿದವರೆಲ್ಲರ ಮಾರ್ಗಗಳನ್ನು ಪರಸ್ಪರ ತಲುಪಿಸುವ ಅಲ್ಲಿನ ರೂಟ್ ಸರ್ವರ್‌ಗೆ ಸೇರಿದರೆ ಒಂದೇ ಬಿಜಿಪಿ ಸಂಪರ್ಕದಿಂದ ಅನೇಕ ಜಾಲಗಳು ಸಿಗುತ್ತವೆ. ದೊಡ್ಡ ಕಂಪನಿಗಳಲ್ಲಿ ಕೆಲವು ರೂಟ್ ಸರ್ವರ್‌ನಲ್ಲಿ ಇರುವುದಿಲ್ಲ, ಅವುಗಳಿಗೆ ನೇರವಾಗಿ ಇಮೇಲ್ ಬರೆಯಿರಿ. ಆದರೆ ಮೊದಲ ಪಿಯರ್ ಬರುವ ಮುಂಚೆಯೇ ಗುರುತು ಹಚ್ಚುವ ನಿಯಮಗಳನ್ನು ಬರೆದು ಮುಗಿಸಿ. ಪಿಯರುಗಳ ಸಂಖ್ಯೆ ಹೆಚ್ಚಿದ ಮೇಲೆ ಹಚ್ಚಲು ಹೊರಟರೆ ಚಾಲ್ತಿಯಲ್ಲಿರುವ ಜಾಲವನ್ನು ಬಿಚ್ಚಬೇಕಾಗುತ್ತದೆ. ಪ್ರತಿ ಪಿಯರ್‌ಗೆ ಮಾರ್ಗಗಳ ಗರಿಷ್ಠ ಮಿತಿ ಇಡಿ. ಯಾವ ಎಎಸ್ ಯಾವ ವಿಳಾಸಗಳನ್ನು ಸಾರಬಹುದು ಎಂದು ಸಹಿ ಹಾಕಿ ದೃಢಪಡಿಸುವ ಆರ್‌ಪಿಕೆಐ ವ್ಯವಸ್ಥೆಯಲ್ಲಿ ನಿಮ್ಮ ವಿಳಾಸಗಳಿಗೆ ದಾಖಲೆ ಮಾಡಿ, ಬರುವ ಮಾರ್ಗಗಳಲ್ಲಿ ಅಸಿಂಧುವಾದವನ್ನು ತಿರಸ್ಕರಿಸಿ. 2008ರ ಫೆಬ್ರುವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ಸಾರಿದ ಒಂದೇ ಒಂದು ತಪ್ಪು ಮಾರ್ಗ ಜಗತ್ತಿನ ದೊಡ್ಡ ಭಾಗಕ್ಕೆ ಯೂಟ್ಯೂಬ್ ಸಿಗದಂತೆ ಮಾಡಿತ್ತು. ಅದನ್ನು ಮುಂದಕ್ಕೆ ಸಾಗಿಸಿದ ಜಾಲದಲ್ಲಿ ಫಿಲ್ಟರ್ ಇರಲಿಲ್ಲ.

ಆಕೆಯೇ ಮತ್ತೆ, ಅಂತರ್ಜಾಲ ವಿಳಾಸಗಳ ಹೊಸ ಆವೃತ್ತಿಯಾದ ಐಪಿವಿ6ಗೂ ಇದೇ ಫಿಲ್ಟರ್‌ಗಳು ಸಾಕೇ ಎಂದು ಕೇಳಿದರು. ಸಾಲುವುದಿಲ್ಲ. ಹೆಚ್ಚಿನ ರೂಟರ್‌ಗಳಲ್ಲಿ ವಿಳಾಸಪಟ್ಟಿಗಳನ್ನು ಐಪಿವಿ6ಗೆ ಪ್ರತ್ಯೇಕವಾಗಿ ಬರೆಯಬೇಕು. ಐಪಿವಿ4 ಕಡೆ ಎಲ್ಲವೂ ಅಚ್ಚುಕಟ್ಟಾಗಿದ್ದು ಐಪಿವಿ6 ಕಡೆ ಎಲ್ಲ ಮಾರ್ಗಗಳೂ ಎಲ್ಲರಿಗೂ ಸಾರಲ್ಪಡುತ್ತಿರುವ ಜಾಲಗಳು ಇವೆ. ಇವತ್ತು ಮನೆಗೆ ಹೋಗುವ ಮುಂಚೆ, ನಿಮ್ಮ ಜಾಲ ಪ್ರತಿ ವಾಣಿಜ್ಯ ಪಿಯರ್‌ಗೆ ಮತ್ತು ಟ್ರಾನ್ಸಿಟ್ ಕೊಡುವವರಿಗೆ ಎಷ್ಟು ಐಪಿವಿ6 ಮಾರ್ಗಗಳನ್ನು ಸಾರುತ್ತಿದೆ ಎಂದು ರೂಟರ್‌ನಲ್ಲಿ ನೋಡಿ. ಆ ಸಂಖ್ಯೆ ನಿಮ್ಮ ಸದಸ್ಯರ ಮಾರ್ಗಗಳ ಸಂಖ್ಯೆಗಿಂತ ಹೆಚ್ಚಿದ್ದರೆ, ಸೋರಿಕೆ ಎಲ್ಲಿದೆ ಎಂದು ಹುಡುಕಲು ಶುರು ಮಾಡಿ.